ಎಪ್ಪತ್ತೊಂದಾದ ಮೇಲೆ ಎಪ್ಪತ್ನಾಲ್ಕು: ಎಜ್ರಾ ಪೌಂಡ್‌ನನ್ನು ಎಳೆಯರಿಗೆ ಓದಿಸಬೇಕೇ?

ನಮ್ಮೂರಿನ ಗ್ರಂಥಾಲಯದ ಮಹಡಿಯಲ್ಲಿ ಶನಿವಾರ ಸಂಜೆ ಹನ್ನೊಂದು ಹುಡುಗ ಹುಡುಗಿಯರು ಸೇರುತ್ತಾರೆ. ಹದಿನೇಳರಿಂದ ಇಪ್ಪತ್ತೊಂದರ ಒಳಗಿನ ವಯಸ್ಸು. ವಾರಕ್ಕೊಬ್ಬರು ಒಂದು ಕವಿತೆ ತರಬೇಕು, ಓದಬೇಕು, ಉಳಿದವರು ಮಾತನಾಡಬೇಕು. ಕೆಲವು ತಿಂಗಳ ಹಿಂದೆ ನನ್ನ ಸರದಿ ಬಂದಾಗ ಅಮೆರಿಕದ ಕವಿ ಎಜ್ರಾ ಪೌಂಡ್‌ನ ‘ನದಿ ವ್ಯಾಪಾರಿಯ ಹೆಂಡತಿ: ಒಂದು ಪತ್ರ’ ಕವಿತೆಯನ್ನು ಜೆರಾಕ್ಸ್ ಮಾಡಿಸಿ ಹಂಚಿದೆ. ಎಂಟನೆಯ ಶತಮಾನದ ಚೀನಾದ ಕವಿ ಲಿ ಬೋ ಬರೆದದ್ದು. ಪೌಂಡ್ 1915ರಲ್ಲಿ ‘ಕ್ಯಾಥೇ’ ಎಂಬ ಪುಟ್ಟ ಸಂಕಲನದಲ್ಲಿ ಅದನ್ನು ಇಂಗ್ಲಿಷಿಗೆ ತಂದ.

ಹಣೆಯ ಮೇಲೆ ಕೂದಲನ್ನು ಸಮನಾಗಿ ಕತ್ತರಿಸಿಕೊಂಡಿದ್ದ ವಯಸ್ಸಿನಲ್ಲಿ ಬಾಗಿಲ ಬಳಿ ಹೂ ಕೀಳುತ್ತಿದ್ದ ಹುಡುಗಿ. ಬಿದಿರು ಕೋಲನ್ನೇ ಕುದುರೆ ಮಾಡಿಕೊಂಡು ಬರುತ್ತಿದ್ದ ಹುಡುಗ. ಹದಿನಾಲ್ಕಕ್ಕೆ ಅವರ ಮದುವೆಯಾಗುತ್ತದೆ, ಅವಳು ನಾಚಿ ಗೋಡೆಯತ್ತ ಮುಖ ಮಾಡಿರುತ್ತಾಳೆ. ಹದಿನೈದಕ್ಕೆ ಮುಖದ ಗಂಟು ಸಡಿಲವಾಗುತ್ತದೆ. ಹದಿನಾರಕ್ಕೆ ಅವನು ವ್ಯಾಪಾರಕ್ಕೆಂದು ದೂರದ ನದಿಯ ಕಡೆ ಹೊರಟುಹೋಗುತ್ತಾನೆ. ಐದು ತಿಂಗಳಾಗಿದೆ. ಬಾಗಿಲಲ್ಲಿ ಪಾಚಿ ಕಿತ್ತು ತೆಗೆಯಲಾಗದಷ್ಟು ದಪ್ಪಗೆ ಬೆಳೆದಿದೆ. ತೋಟದಲ್ಲಿ ಜೋಡಿ ಚಿಟ್ಟೆಗಳು ಆಗಲೇ ಹಳದಿಯಾಗಿವೆ. ಅವನ್ನು ಕಂಡರೆ ನೋವಾಗುತ್ತದೆ, ನನಗೆ ವಯಸ್ಸಾಗುತ್ತಿದೆ ಎಂದಷ್ಟೇ ಅವಳು ಬರೆಯುತ್ತಾಳೆ. ಎಲ್ಲೂ ಅಳುವ ಮಾತಿಲ್ಲ.

ಗುಂಪಿನಲ್ಲಿದ್ದ ಒಬ್ಬ ಹುಡುಗಿಯ ಭಾವ ದುಬೈಯಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಅವಳು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟುಕೊಂಡು, “ಮೇಡಂ, ಇದನ್ನು ಅಕ್ಕನಿಗೆ ಓದಿ ಹೇಳುತ್ತೇನೆ” ಎಂದಳು. ಮರುವಾರ ಬಂದಾಗ ಅವಳ ಮುಖ ಬೇರೆಯಾಗಿತ್ತು. ಮೊಬೈಲ್ ತೆಗೆದು ನನ್ನ ಮುಂದಿಟ್ಟಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೌಂಡ್ ರೋಮ್ ರೇಡಿಯೋದಲ್ಲಿ ಯಹೂದಿಗಳನ್ನು ಬೈದು ಮಾಡಿದ ಭಾಷಣಗಳು ಅದರಲ್ಲಿದ್ದವು.

“ಇದು ನಿಮಗೆ ಮೊದಲೇ ಗೊತ್ತಿತ್ತೇ?”

ಗೊತ್ತಿತ್ತು ಎಂದೆ.

“ಮತ್ತೆ ಯಾಕೆ ಹೇಳಲಿಲ್ಲ?”

ಕವಿತೆಯಷ್ಟೇ ಸಾಕೆಂದುಕೊಂಡಿದ್ದೆ ಎಂಬ ಉತ್ತರ ನನ್ನ ಬಾಯಿಗೇ ಸಪ್ಪೆ ಎನಿಸಿತು. ಅವಳ ಅಕ್ಕ ಆ ಕವಿತೆ ಕೇಳಿ ಅತ್ತಿದ್ದಳಂತೆ. ಒಳಗಿನ ಮನೆಯವರೆಗೆ ಒಬ್ಬನನ್ನು ಕಳುಹಿಸಿದವಳು ನಾನು. ಅವನ ಪೂರ್ತಿ ಹೆಸರು ಹೇಳದೆ ಕಳುಹಿಸಿದ್ದೆ.

ಆ ಪೂರ್ತಿ ಹೆಸರು ಇದು. ಪೌಂಡ್ ಹುಟ್ಟಿದ್ದು 1885ರಲ್ಲಿ, ಅಮೆರಿಕದ ಇಡಾಹೊ ಪ್ರಾಂತ್ಯದ ಹೇಲಿ ಎಂಬ ಗಣಿ ಊರಿನಲ್ಲಿ. 1908ರಲ್ಲಿ ಲಂಡನ್ ಸೇರಿದ. ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಾವ್ಯ ಹಳೆಯ ಸೆರಗು ಬಿಟ್ಟು ಬಿಗಿಯಾದದ್ದರಲ್ಲಿ ಅವನ ಕೈ ದೊಡ್ಡದು. ಪ್ಯಾರಿಸ್ ಮೆಟ್ರೊ ನಿಲ್ದಾಣದಲ್ಲಿ ಕಂಡ ಮುಖಗಳ ಬಗ್ಗೆ ಮೂವತ್ತು ಸಾಲು ಬರೆದು ಹರಿದುಹಾಕಿ, ವರ್ಷ ಕಳೆದ ಮೇಲೆ ಎರಡೇ ಸಾಲಿಗೆ ಇಳಿಸಿದವನು ಅವನು. ನಮ್ಮಲ್ಲಿ ನವ್ಯದ ಪಾಠ ಕೇಳಿದವರೆಲ್ಲ ‘ಪ್ರತಿಮೆ’ ಎಂಬ ಮಾತನ್ನು ಕೇಳಿರುತ್ತಾರೆ; ಆ ಮಾತಿನ ಹಿಂದಿರುವ ಲಂಡನ್ನಿನ ಚಳವಳಿಗೆ ಹೆಸರಿಟ್ಟವನು ಅವನೇ. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ 1922ರಲ್ಲಿ ಈಗಿನ ರೂಪದಲ್ಲಿ ಹೊರಬಂದದ್ದು ಪೌಂಡ್ ಅದರ ಹಸ್ತಪ್ರತಿಯನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ ಮೇಲೆ. ತನಗಿಂತ ಮೇಲಾದ ಕುಶಲಕರ್ಮಿ ಎಂದು ಎಲಿಯಟ್ ಅದನ್ನು ಅವನಿಗೇ ಅರ್ಪಿಸಿದ. ಅಡಿಗರ ಕಾಲದ ನಮ್ಮ ಕವಿಗಳು ಎಲಿಯಟ್‌ನನ್ನು ಓದಿಕೊಂಡಾಗ ಪೌಂಡ್‌ನ ಕತ್ತರಿಯ ಕೆಲಸವನ್ನೂ ಓದಿಕೊಂಡಿದ್ದರು.

ಅವನ ಔದಾರ್ಯವೂ ಹಾಗೆಯೇ ದೊಡ್ಡದು. ಜಾಯ್ಸ್‌ನ ಮೊದಲ ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುವಂತೆ ಓಡಾಡಿದ. ಟಾಗೋರರ ‘ಗೀತಾಂಜಲಿ’ಯ ಕವಿತೆಗಳನ್ನು 1912ರ ಡಿಸೆಂಬರ್‌ನಲ್ಲಿ ಶಿಕಾಗೋದ ‘ಪೊಯೆಟ್ರಿ’ ಪತ್ರಿಕೆಯಲ್ಲಿ ಹಾಕಿಸಿದ. ಮರುವರ್ಷ ಕಾಳಿಮೋಹನ ಘೋಷರ ನೆರವಿನಿಂದ ಕಬೀರನ ಪದಗಳನ್ನು ಇಂಗ್ಲಿಷಿಗೆ ತಿರುಗಿಸಿದ. ಅವು ಕಲ್ಕತ್ತದ ‘ಮಾಡರ್ನ್ ರಿವ್ಯೂ’ನಲ್ಲಿ ಬಂದವು. ಹುಟ್ಟಿನ ಹೆಮ್ಮೆಯನ್ನು ನೇಕಾರನ ಮಗ್ಗದ ಮುಂದೆ ನಿಲ್ಲಿಸಿ ನಗೆಪಾಟಲು ಮಾಡಿದ ಕಬೀರ. ಆ ಪದಗಳನ್ನು ಕೈಯಾರೆ ತಿರುಗಿಸಿದ ಮನುಷ್ಯ ಮುಂದೆ ಏನು ಮಾಡಿದ ಎಂಬುದನ್ನು ಹುಡುಗರಿಗೆ ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ.

ಪೌಂಡ್ ಒಂದು ಬೆಳಗ್ಗೆ ಎದ್ದು ದ್ವೇಷಿಯಾದವನಲ್ಲ. ಅವನು ಆ ಕಡೆಗೆ ಹೋದ ದಾರಿಯನ್ನು ತಿಳಿಯುವುದೇ ಎಳೆಯರಿಗೆ ಅವನ ಕವಿತೆಯಷ್ಟೇ ಬೇಕಾದದ್ದು ಎಂದು ನಾನು ನಂಬಿದ್ದೇನೆ. ಅವನ ಗೆಳೆಯ, ಶಿಲ್ಪಿ ಗೋಡಿಯೆ-ಬ್ರೆಸ್ಕಾ 1915ರ ಜೂನ್‌ನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಸತ್ತ. ಇಪ್ಪತ್ತಮೂರು ವರ್ಷ. ಪೌಂಡ್ ಆ ಸಾವಿನಿಂದ ಚೇತರಿಸಿಕೊಳ್ಳಲೇ ಇಲ್ಲ. ಇಷ್ಟು ಜನ ಯಾಕೆ ಸತ್ತರು, ಯುದ್ಧದಿಂದ ಯಾರಿಗೆ ಲಾಭ ಎಂದು ಕೇಳತೊಡಗಿದ. ಕೇಳಬೇಕಾದ ಪ್ರಶ್ನೆಯೇ ಅದು. ಯುದ್ಧ ಮುಗಿಯುವ ಹೊತ್ತಿಗೆ ಸಿ.ಎಚ್. ಡಗ್ಲಸ್ ಎಂಬ ಎಂಜಿನಿಯರ್ ಸಿಕ್ಕಿದ. ಸಾಲ ಹುಟ್ಟಿಸುವ ಬ್ಯಾಂಕುಗಳ ಕೈಯಲ್ಲಿ ಸಮಾಜ ಸಿಕ್ಕಿಬಿದ್ದಿದೆ ಎಂಬುದು ಅವನ ವಾದ. ಪೌಂಡ್‌ಗೆ ಉತ್ತರ ಸಿಕ್ಕಿತು: ಬಡ್ಡಿ. ಕೆಟ್ಟ ಮನೆ, ಕೆಟ್ಟ ಬ್ರೆಡ್ಡು, ಕೆಟ್ಟ ಚಿತ್ರ, ಯುದ್ಧ, ಎಲ್ಲಕ್ಕೂ ಬಡ್ಡಿಯೇ ಮೂಲ. ‘ಕಾಂಟೋ’ ಎಂಬ ಭಾಗಗಳಲ್ಲಿ ಅವನು ಬರೆಯುತ್ತಾ ಹೋದ ದೀರ್ಘ ಕಾವ್ಯದಲ್ಲಿ ನಲವತ್ತೈದನೆಯ ಕಾಂಟೋ ಇದನ್ನೇ ಹೇಳುತ್ತದೆ. ಬಡ್ಡಿ ಇರುವಲ್ಲಿ ಯಾರಿಗೂ ಒಳ್ಳೆಯ ಕಲ್ಲಿನ ಮನೆ ಇರುವುದಿಲ್ಲ ಎಂದು ಶುರುವಾಗುವ ಆ ಕವಿತೆ ಶಾಪದ ಹಾಗೆ, ಮಂತ್ರದ ಹಾಗೆ ಏರುತ್ತಾ ಹೋಗುತ್ತದೆ. ಮೀಟರ್ ಬಡ್ಡಿಗೆ ಸಾಲ ತಂದು ಹೊಲ ಕಳೆದುಕೊಂಡವರನ್ನು ಕಂಡ ನಮಗೆ ಅದು ಎದೆಗೆ ನಾಟುತ್ತದೆ. ನನಗೆ ಮೊದಲ ಸಲ ಓದಿದಾಗ ಮೈ ಝುಮ್ಮೆಂದಿತ್ತು.

ಆ ಕಾಂಟೋದಲ್ಲಿ ಯಹೂದಿ ಎಂಬ ಪದವೇ ಇಲ್ಲ. ಕೆಲವೇ ವರ್ಷಗಳ ನಂತರ, 1940ರಲ್ಲಿ ಅಚ್ಚಾದ ಐವತ್ತೆರಡನೆಯದರಲ್ಲಿ ಇದೆ, ಬೈಗುಳವಾಗಿ ಇದೆ. ಅಲ್ಲಿ ಕೆಲವು ಸಾಲುಗಳನ್ನು ಪ್ರಕಾಶಕರು ಹಾಗೇ ಅಚ್ಚು ಮಾಡಲು ಒಪ್ಪದೆ ಕಪ್ಪು ಪಟ್ಟಿ ಬಳಿದರು. ಎಲ್ಲಾ ಕೇಡಿಗೂ ಒಂದೇ ಕಾರಣ ಎಂದು ನಂಬಿದವನಿಗೆ ಆ ಕಾರಣಕ್ಕೊಂದು ಮುಖ ಬೇಕಾಗುತ್ತದೆ. ಯೂರೋಪಿನಲ್ಲಿ ಶತಮಾನಗಳಿಂದ ಆ ಮುಖವನ್ನು ಸಿದ್ಧ ಮಾಡಿಟ್ಟಿದ್ದರು. ಪೌಂಡ್ ಅದನ್ನು ಎತ್ತಿಕೊಂಡ. ನಮ್ಮ ಹುಡುಗರ ಮೊಬೈಲಿಗೆ ದಿನವೂ ಬರುವ ಸಂದೇಶಗಳಲ್ಲಿಯೂ ಇದೇ ಕೆಲಸ ನಡೆಯುತ್ತದೆ: ನಿಜವಾದ ಸಂಕಟ ಒಂದಿರುತ್ತದೆ, ಕೆಲಸ ಸಿಗದ್ದೋ ಬೆಳೆಗೆ ಬೆಲೆ ಇಲ್ಲದ್ದೋ, ಕೊನೆಯಲ್ಲಿ ಒಂದು ಸಮುದಾಯದ ಹೆಸರಿರುತ್ತದೆ. ಇದು ಓದು ಬರಹ ಬಾರದವರಿಗೆ ಬರುವ ರೋಗ ಎಂದು ತಿಳಿದವರಿಗೆ ಪೌಂಡ್‌ನನ್ನು ತೋರಿಸಬೇಕು. ಅವನು ಪ್ರೊವೆನ್ಸಾಲ್, ಇಟಾಲಿಯನ್, ಲ್ಯಾಟಿನ್ ಓದಿದವನು.

1933ರ ಜನವರಿ 30ರಂದು ರೋಮಿನಲ್ಲಿ ಅವನು ಇಟಲಿಯ ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸೊಲಿನಿಯನ್ನು ಕಂಡ. ಅದೇ ದಿನ ಬರ್ಲಿನ್ನಿನಲ್ಲಿ ಹಿಟ್ಲರ್ ಚಾನ್ಸಲರ್ ಆದ. ಪೌಂಡ್‌ನ ಕಾಂಟೋಗಳ ಪ್ರತಿಯನ್ನು ನೋಡಿ ಮುಸೊಲಿನಿ ‘ಮೋಜಾಗಿದೆ’ ಎಂಬರ್ಥದ ಒಂದು ಮಾತು ಹೇಳಿದ. ಅಧಿಕಾರದಲ್ಲಿರುವವರು ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಪುಟ ತಿರುವಿ ಹೇಳುವಂಥ ಮಾತು. ಪೌಂಡ್ ಅದನ್ನು ಮಹಾ ಒಳನೋಟವೆಂದು ತಿಳಿದು ನಲವತ್ತೊಂದನೆಯ ಕಾಂಟೋವನ್ನು ಆ ಮಾತಿನಿಂದಲೇ ಆರಂಭಿಸಿದ. ಇಷ್ಟು ಸೂಕ್ಷ್ಮ ಕಿವಿಯ ಕವಿಗೆ ಆ ಒಂದು ಪದದ ಪೊಳ್ಳುತನ ಕೇಳಿಸಲಿಲ್ಲ.

1941ರ ಜನವರಿಯಿಂದ 1943ರ ಜುಲೈವರೆಗೆ ರೋಮ್ ರೇಡಿಯೋದಲ್ಲಿ ಅವನು ನೂರಕ್ಕೂ ಹೆಚ್ಚು ಭಾಷಣ ಮಾಡಿದ. ಯಹೂದಿಗಳ ಮೇಲೆ, ರೂಸ್‌ವೆಲ್ಟ್ ಮೇಲೆ, ಚರ್ಚಿಲ್ ಮೇಲೆ ಬೈಗುಳ. 1942ರ ಒಂದು ಭಾಷಣದಲ್ಲಿ, ಬಡ ಯಹೂದಿಗಳನ್ನು ಕೊಲ್ಲುವುದು ಬೇಡ, ಮೇಲಿನವರಿಂದ ಶುರು ಮಾಡುವುದಾದರೆ ಅದರಲ್ಲಿ ಅರ್ಥವಿದೆ ಎಂಬ ಧಾಟಿಯಲ್ಲಿ ಮಾತನಾಡಿದ. ಭಾಷಣಗಳು ನಿಂತ ಮೂರೇ ತಿಂಗಳಿಗೆ, 1943ರ ಅಕ್ಟೋಬರ್ 16ರಂದು, ಅದೇ ರೋಮ್ ನಗರದಲ್ಲಿ ಜರ್ಮನ್ ಪಡೆ ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಮನೆಗಳಿಂದ ಎಳೆದು ಆಶ್‌ವಿಟ್ಸ್ ಕೊಲೆ ಶಿಬಿರಕ್ಕೆ ಸಾಗಿಸಿತು. ಮರಳಿದವರು 16 ಮಂದಿ. ಪೌಂಡ್ ಅವರನ್ನು ಮುಟ್ಟಲಿಲ್ಲ, ನಿಜ. ಆದರೆ ಒಂದು ಜನಾಂಗವನ್ನು ಕೊಲ್ಲುವ ಮುಂಚೆ ಅವರನ್ನು ಕೊಲ್ಲಬಹುದಾದವರು ಎಂದು ಯಾರಾದರೂ ಹೇಳಬೇಕಾಗುತ್ತದೆ. ಆ ಹೇಳುವ ಕೆಲಸದಲ್ಲಿ ಅವನ ಪಾಲಿತ್ತು.

ಇನ್ನು ಪೀಸಾ. 1945ರ ಮೇ ತಿಂಗಳಲ್ಲಿ ಅಮೆರಿಕದ ಸೇನೆ ಅವನನ್ನು ಹಿಡಿದು ಪೀಸಾ ನಗರದ ಉತ್ತರಕ್ಕಿದ್ದ ಸೇನಾ ಬಂದೀಖಾನೆಗೆ ಹಾಕಿತು. ಮೊದಲ ಸುಮಾರು ಮೂರು ವಾರ ಬಯಲಿನಲ್ಲಿ ಕಬ್ಬಿಣದ ಪಂಜರ. ಮೇಲೆ ಬಿಸಿಲು, ರಾತ್ರಿ ಕಣ್ಣಿಗೆ ಹೊಡೆಯುವ ದೀಪ. ಅರವತ್ತರ ಹೊಸ್ತಿಲಲ್ಲಿದ್ದ ಅವನು ಅಲ್ಲಿ ಕುಸಿದುಬಿದ್ದ. ಆಮೇಲೆ ಗುಡಾರಕ್ಕೆ ಹಾಕಿದರು. ಕೈಯಲ್ಲಿದ್ದದ್ದು ಕನ್‌ಫ್ಯೂಷಿಯಸ್‌ನ ಒಂದು ಪುಸ್ತಕ, ಒಂದು ಚೀನೀ ನಿಘಂಟು. ಶೌಚಾಲಯದಲ್ಲಿ ಸಿಕ್ಕಿದ್ದು ಒಂದು ಅಗ್ಗದ ಕವಿತಾ ಸಂಕಲನ. ಹೊಸ ಕಾಂಟೋದ ಮೊದಲ ಸಾಲುಗಳನ್ನು ಶೌಚದ ಕಾಗದದ ಮೇಲೆ ಗೀಚಿದ. ಗುಡಾರದ ಬಳಿ ಕಡಜವೊಂದು ಮಣ್ಣಿನಿಂದ ನಾಲ್ಕು ಕೋಣೆಗಳ ಗೂಡು ಕಟ್ಟುವುದನ್ನು ನೋಡುತ್ತಾ ಕುಳಿತ. ಅದೂ ಕವಿತೆಗೆ ಬಂತು.

ಅಲ್ಲಿನ ಬಂದಿಗಳಲ್ಲಿ ಬಹಳ ಮಂದಿ ಕಪ್ಪು ಸೈನಿಕರು. ಎಡ್ವರ್ಡ್ಸ್ ಎಂಬೊಬ್ಬ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳಿಂದ ಈ ಮುದುಕನಿಗೆ ಬರೆಯಲೊಂದು ಮೇಜು ಮಾಡಿಕೊಟ್ಟ. ನಿಯಮದ ಪ್ರಕಾರ ಹಾಗೆ ಮಾಡುವಂತಿರಲಿಲ್ಲ. ನಾನು ಮಾಡಿಕೊಟ್ಟೆನೆಂದು ಯಾರಿಗೂ ಹೇಳಬೇಡ ಎಂದ. ಪೌಂಡ್ ಆ ಮಾತನ್ನು ಅವನ ಉಚ್ಚಾರಣೆಯಲ್ಲಿಯೇ ಕವಿತೆಯಲ್ಲಿಟ್ಟ, ನಿಯಮ ಪಾಲಿಸದವರಲ್ಲಿಯೇ ಅತಿ ದೊಡ್ಡ ಕರುಣೆ ಕಾಣಸಿಗುತ್ತದೆ ಎಂದು ಪಕ್ಕದಲ್ಲಿಯೇ ಬರೆದ. ಇಡೀ ‘ಪೀಸಾ ಕಾಂಟೋ’ಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು. ಅದೇ ಪುಸ್ತಕ, ಎಪ್ಪತ್ನಾಲ್ಕನೆಯ ಕಾಂಟೋ, ತೆರೆದುಕೊಳ್ಳುವುದು ಮಾತ್ರ ಮಿಲಾನಿನಲ್ಲಿ ಕಾಲು ಮೇಲಾಗಿ ನೇತುಹಾಕಿದ ಮುಸೊಲಿನಿಗಾಗಿ ಇಟ್ಟ ಗೋಳಿನಿಂದ. ಕಡಜದ ಗೂಡು, ಕಪ್ಪು ಸೈನಿಕನ ಮೇಜು, ಸರ್ವಾಧಿಕಾರಿಯ ಹೆಣ ಒಂದೇ ಪುಸ್ತಕದಲ್ಲಿ ಬರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಲು ಕವಿತೆಯೇ ಬಿಡುವುದಿಲ್ಲ.

ಈ ಪುಸ್ತಕಕ್ಕೆ 1949ರ ಫೆಬ್ರವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಬೊಲಿಂಗೆನ್ ಕಾವ್ಯ ಪ್ರಶಸ್ತಿ ಬಂತು. ಆಗ ಪೌಂಡ್ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿದ್ದ. ದೇಶದ್ರೋಹದ ಆರೋಪ ಎದುರಿಸಲು ಅವನ ಮನಸ್ಸು ಸ್ಥಿಮಿತದಲ್ಲಿಲ್ಲ ಎಂದು ನ್ಯಾಯಾಲಯ ಒಪ್ಪಿತ್ತು. ತೀರ್ಪುಗಾರರಲ್ಲಿ ಎಲಿಯಟ್, ಆಡೆನ್, ರಾಬರ್ಟ್ ಲೊವೆಲ್, ಅಲೆನ್ ಟೇಟ್ ಇದ್ದರು. ಕಾವ್ಯದ ಸಾಧನೆಯನ್ನು ಬಿಟ್ಟು ಬೇರೆ ವಿಚಾರಗಳಿಗೆ ಜಾಗ ಕೊಟ್ಟರೆ ಪ್ರಶಸ್ತಿಯ ಅರ್ಥವೇ ಕೆಡುತ್ತದೆ ಎಂಬುದು ಅವರ ಹೇಳಿಕೆ. ಯಹೂದಿ ಕವಿ ಕಾರ್ಲ್ ಶಪೀರೊ ವಿರುದ್ಧ ಮತ ಹಾಕಿದ. ಕವಿಯ ರಾಜಕೀಯ ಮತ್ತು ನೈತಿಕ ದೃಷ್ಟಿ ಕೊನೆಗೆ ಕವಿತೆಯನ್ನೇ ಕೆಡಿಸುತ್ತದೆ, ಸಾಹಿತ್ಯವಾಗಿಯೇ ಅದರ ಮಟ್ಟ ಇಳಿಸುತ್ತದೆ ಎಂಬುದು ಅವನ ನಿಲುವು. ಗದ್ದಲ ಎಷ್ಟಾಯಿತೆಂದರೆ ಲೈಬ್ರರಿ ಆಫ್ ಕಾಂಗ್ರೆಸ್ ಇಂಥ ಪ್ರಶಸ್ತಿ ಕೊಡುವುದನ್ನೇ ನಿಲ್ಲಿಸಬೇಕಾಯಿತು. ಪ್ರಶಸ್ತಿ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಯಿತು.

ನನ್ನ ಪೀಳಿಗೆಯವರು ಕಾಲೇಜಿನಲ್ಲಿ ಕಲಿತದ್ದು ಕೃತಿನಿಷ್ಠ ವಿಮರ್ಶೆ. ಕವಿಯನ್ನು ಬದಿಗಿಡಿ, ಕೃತಿಯನ್ನು ನೋಡಿ. ಆ ಪಾಠದಿಂದ ನನಗೆ ಆದ ಉಪಕಾರ ದೊಡ್ಡದು. ಪದದ ಮೇಲೆ ಕಣ್ಣು ನಿಲ್ಲಿಸುವುದನ್ನು ಅದು ಕಲಿಸಿತು. ಪೌಂಡ್ ವಿಷಯದಲ್ಲಿ ಮಾತ್ರ ಅದು ಸೋಲುತ್ತದೆ. ಕಾಂಟೋಗಳೆಂದರೆ ಇತಿಹಾಸವನ್ನು ಒಳಗೊಂಡ ಕವಿತೆ ಎಂದು ಅವನೇ ಹೇಳಿಕೊಂಡ. ಬ್ಯಾಂಕು, ಯುದ್ಧ, ಮುಸೊಲಿನಿ ಎಲ್ಲವನ್ನೂ ಅವನು ಬೇಕೆಂದೇ ಒಳಗೆ ತಂದ. ಬರೆದವನೇ ಬೇರ್ಪಡಿಸದ್ದನ್ನು ನಾವು ಬೇರ್ಪಡಿಸಿ ಓದಿಸಿದರೆ ಕೃತಿಗೆ ನಿಷ್ಠರಾಗಿದ್ದೇವೆ ಎನ್ನಲು ಬರುವುದಿಲ್ಲ. ಆದರೆ ಶಪೀರೊ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಐವತ್ತೆರಡನೆಯ ಕಾಂಟೋ ವಿಷಯದಲ್ಲಿ ಅದು ಸರಿ: ದ್ವೇಷ ಬಂದ ಕೂಡಲೇ ಅವನ ಲಯ ಸಾಯುತ್ತದೆ, ಭಾಷೆ ಬೀದಿ ಜಗಳದ ಭಾಷೆಯಾಗುತ್ತದೆ. ನದಿ ವ್ಯಾಪಾರಿಯ ಹೆಂಡತಿಯನ್ನು ಅದು ಮುಟ್ಟಿಲ್ಲ. ಎಪ್ಪತ್ನಾಲ್ಕನೆಯದರಲ್ಲಿ ಎರಡೂ ಹೆಣೆದುಕೊಂಡಿವೆ, ಮತ್ತು ಅಲ್ಲಿ ಕವಿತೆ ಕೆಟ್ಟಿಲ್ಲ. ಅದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ. ಒಪ್ಪಿಕೊಳ್ಳದಿದ್ದರೆ ಸುಳ್ಳಾಗುತ್ತದೆ.

ಹಾಗಾದರೆ ಎಳೆಯರಿಂದ ಅವನನ್ನು ದೂರ ಇಡುವುದೇ? 1946ರಲ್ಲಿ ರ‍್ಯಾಂಡಮ್ ಹೌಸ್ ಪ್ರಕಾಶನದ ಬೆನೆಟ್ ಸರ್ಫ್ ಹಾಗೆ ಮಾಡಲು ಹೋದ. ಜನಪ್ರಿಯ ಕವಿತಾ ಸಂಕಲನವೊಂದರಿಂದ ಪೌಂಡ್‌ನ ಹನ್ನೆರಡು ಕವಿತೆಗಳನ್ನು ತೆಗೆಸಿದ. ಸಂಪಾದಕನಾಗಿದ್ದ ಕವಿ ಕಾನ್‌ರಾಡ್ ಏಕನ್, ತೆಗೆದವರು ಪ್ರಕಾಶಕರು ಎಂಬ ಟಿಪ್ಪಣಿ ಅಚ್ಚಾಗಲೇಬೇಕೆಂದು ಪಟ್ಟುಹಿಡಿದ. ಆಡೆನ್ ಪ್ರತಿಭಟಿಸಿದ. ಓದುಗರ ಪತ್ರಗಳು ಬಂದವು. ಸರ್ಫ್ ತನ್ನ ನಿರ್ಧಾರ ಹಿಂತೆಗೆದುಕೊಂಡು ಕವಿತೆಗಳನ್ನು ಮರಳಿ ಸೇರಿಸಿದ. ಇದು ಬಹಿರಂಗವಾಗಿ ನಡೆದದ್ದು, ಅಷ್ಟರಮಟ್ಟಿಗೆ ಒಳ್ಳೆಯದು. ಸದ್ದಿಲ್ಲದೆ ನಡೆದದ್ದು ಇನ್ನೊಂದಿದೆ. ಯುದ್ಧದ ಕೊನೆಯಲ್ಲಿ ಪೌಂಡ್ ಇಟಾಲಿಯನ್ ಭಾಷೆಯಲ್ಲಿ ಎರಡು ಕಾಂಟೋ ಬರೆದ, ಎಪ್ಪತ್ತೆರಡು ಮತ್ತು ಎಪ್ಪತ್ತಮೂರು. ಅವು ಫ್ಯಾಸಿಸ್ಟ್ ಪ್ರಚಾರವೇ. ಎಪ್ಪತ್ತಮೂರರಲ್ಲಿ ರಿಮಿನಿಯ ಹಳ್ಳಿ ಹುಡುಗಿಯೊಬ್ಬಳು ಕೆನಡಾದ ಸೈನಿಕರನ್ನು ನೆಲಬಾಂಬುಗಳ ಹೊಲಕ್ಕೆ ನಡೆಸಿ ತಾನೂ ಸಾಯುವುದನ್ನು ವೀರಗಾಥೆಯಾಗಿ ಹಾಡಿದ್ದಾನೆ. ಈ ಎರಡೂ ಕಾಂಟೋಗಳು ದಶಕಗಳ ಕಾಲ ಸಮಗ್ರ ಕಾಂಟೋಗಳ ಆವೃತ್ತಿಯಲ್ಲಿರಲಿಲ್ಲ. ಎಪ್ಪತ್ತೊಂದಾದ ಮೇಲೆ ಎಪ್ಪತ್ನಾಲ್ಕು. ಒಳಗೆ ಸೇರಿದ್ದು 1980ರ ದಶಕದಲ್ಲಿ. ನಾನು ಓದಿದ ಹಳೆಯ ಪ್ರತಿಯಲ್ಲಿಯೂ ಸಂಖ್ಯೆ ಹೀಗೆಯೇ ಜಿಗಿದಿತ್ತು; ನಾನೂ ಜಿಗಿದು ಮುಂದೆ ಹೋಗಿದ್ದೆ. ಆ ಶನಿವಾರ ಹುಡುಗಿಯ ಮುಂದೆ ನಾನು ಮಾಡಿದ್ದು ಇದೇ.

ನಾವು ಬಿಟ್ಟ ಪುಟವನ್ನು ಇನ್ನೊಬ್ಬರು ಕೊಡುತ್ತಾರೆ. ಪೌಂಡ್ ಆಸ್ಪತ್ರೆಯಲ್ಲಿದ್ದಾಗ ಅವನನ್ನು ಗುರುವೆಂದು ತಿಳಿದು ಬರುತ್ತಿದ್ದ ಎಳೆಯರಲ್ಲಿ ಜಾನ್ ಕ್ಯಾಸ್ಪರ್ ಒಬ್ಬ. 1956ರಲ್ಲಿ ಟೆನೆಸಿಯ ಕ್ಲಿಂಟನ್ ಎಂಬ ಸಣ್ಣ ಊರಿನ ಪ್ರೌಢಶಾಲೆಗೆ ಹನ್ನೆರಡು ಕಪ್ಪು ಮಕ್ಕಳು ಮೊದಲ ಸಲ ಕಾಲಿಟ್ಟಾಗ, ಅವರ ವಿರುದ್ಧ ಗುಂಪು ಕಟ್ಟಿ ಊರನ್ನು ಕೆರಳಿಸಿದವನು ಅವನೇ. ಎಡ್ವರ್ಡ್ಸ್ ಮಾಡಿಕೊಟ್ಟ ಮೇಜಿನ ಮೇಲೆ ಬರೆದವನು, ಎಡ್ವರ್ಡ್ಸ್‌ನ ಮಕ್ಕಳಂಥವರ ಶಾಲೆ ಬಾಗಿಲು ಮುಚ್ಚಿಸಲು ಹೊರಟ ಶಿಷ್ಯನ ಜೊತೆ ನಂಟು ಕಡಿದುಕೊಳ್ಳಲಿಲ್ಲ. 1958ರಲ್ಲಿ ಬಿಡುಗಡೆಯಾಗಿ ನೇಪಲ್ಸ್‌ನಲ್ಲಿ ಹಡಗಿಳಿದಾಗ ಕ್ಯಾಮೆರಾಗಳ ಮುಂದೆ ಫ್ಯಾಸಿಸ್ಟ್ ಸೆಲ್ಯೂಟ್ ಹೊಡೆದ.

ಇದು ಹಳೆಯ ಕಥೆಯಾಗಿ ಉಳಿದಿಲ್ಲ. 2003ರ ಡಿಸೆಂಬರ್‌ನಲ್ಲಿ ರೋಮಿನಲ್ಲಿ ಕಟ್ಟಡವೊಂದನ್ನು ಆಕ್ರಮಿಸಿದ ತೀವ್ರ ಬಲಪಂಥೀಯ ಯುವಕರು ತಮ್ಮ ಸಂಘಟನೆಗೆ ‘ಕಾಸಾಪೌಂಡ್’, ಅಂದರೆ ಪೌಂಡ್‌ನ ಮನೆ, ಎಂದು ಹೆಸರಿಟ್ಟರು. ಬಡ್ಡಿಯ ವಿರುದ್ಧದ ಅವನ ಸಾಲುಗಳನ್ನು ಬಾಡಿಗೆ ಕಟ್ಟಲಾಗದ ಎಳೆಯರಿಗೆ ಕೇಳಿಸಿದರು. 2011ರ ಡಿಸೆಂಬರ್‌ನಲ್ಲಿ ಆ ವಲಯದ ಒಬ್ಬ ಹಿಂಬಾಲಕ ಫ್ಲಾರೆನ್ಸ್‌ನ ಬೀದಿಯಲ್ಲಿ ಸೆನೆಗಲ್‌ನಿಂದ ಬಂದಿದ್ದ ಇಬ್ಬರು ವ್ಯಾಪಾರಿಗಳನ್ನು ಗುಂಡಿಟ್ಟು ಕೊಂದ. ಊರು ಬಿಟ್ಟು ದೂರ ಬಂದು ವ್ಯಾಪಾರ ಮಾಡುತ್ತಿದ್ದವರು. ಅವರ ದಾರಿಯನ್ನೂ ಯಾರೋ ಕಾಯುತ್ತಿದ್ದಿರಬೇಕು. ಪೌಂಡ್‌ನ ಮಗಳು ಮೇರಿ ಡಿ ರಾಕೆವಿಲ್ಟ್ಸ್ ತಂದೆಯ ಹೆಸರು ಬಳಸಬಾರದೆಂದು ಆ ಸಂಘಟನೆಯ ವಿರುದ್ಧ ಕಾನೂನಿನ ಹೋರಾಟಕ್ಕಿಳಿದರು.

ಹಾಗಾಗಿ ನನ್ನ ಉತ್ತರ: ಓದಿಸಬೇಕು. ಮೇಷ್ಟರು ಕೊಡದ ಪೌಂಡ್‌ನನ್ನು ಕಾಸಾಪೌಂಡ್‌ನಂಥವರು ಕೊಡುತ್ತಾರೆ, ಅವರು ಮೇಜಿನ ಕಥೆ ಹೇಳುವುದಿಲ್ಲ. ಆದರೆ ಓದಿಸುವವರು ಮೊದಲ ದಿನವೇ ಎಲ್ಲವನ್ನೂ ಹೇಳಬೇಕು. ಮುಂಚೆ ಕವಿತೆ ಓದಲಿ, ಅದು ಮುಟ್ಟುವಷ್ಟು ಮುಟ್ಟಲಿ. ಆಮೇಲೆ, ಅದೇ ಕೂಟದಲ್ಲಿ, ಅವರು ಮನೆಗೆ ಹೊರಡುವ ಮುಂಚೆ, ಬರೆದವನು ಯಾರೆಂದು ಹೇಳಬೇಕು. ಮೊದಲೇ ಹೇಳಿದರೆ ಕವಿತೆ ಕಿವಿಗೆ ಬೀಳುವುದಿಲ್ಲ. ಮರುವಾರ ಹೇಳುತ್ತೇನೆಂದರೆ ಮೊಬೈಲ್ ಮುಂಚೆಯೇ ಹೇಳಿರುತ್ತದೆ, ಮತ್ತು ಅಷ್ಟರಲ್ಲಿ ನಮ್ಮ ಮೇಲಿನ ನಂಬಿಕೆ ಹೋಗಿರುತ್ತದೆ. ಹೈಸ್ಕೂಲಿನವರಿಗೆ ಕ್ಯಾಥೇ ಸಾಕು, ಮೆಟ್ರೊದ ಎರಡು ಸಾಲು ಸಾಕು. ನಲವತ್ತೈದನೆಯ ಕಾಂಟೋವನ್ನು ನಾನು ಐವತ್ತೆರಡನೆಯದನ್ನು ಪಕ್ಕದಲ್ಲಿಡದೆ ಯಾರಿಗೂ ಕೊಡುವುದಿಲ್ಲ, ಅದು ಡಿಗ್ರಿಯವರಿಗೆ ಮಾತ್ರ. ರೇಡಿಯೋ ಭಾಷಣಗಳನ್ನು ಒಬ್ಬರೇ ಕುಳಿತು ಮೊಬೈಲಿನಲ್ಲಿ ಓದುವುದಕ್ಕಿಂತ ನಾಲ್ಕು ಜನ ಕೂಡಿ ಓದಿ ಮಾತನಾಡುವುದು ಮೇಲು.

ಓದಲು ಕೊಡುವುದು ಬೇರೆ, ಸನ್ಮಾನಿಸುವುದು ಬೇರೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2018ರಲ್ಲಿ ತಮ್ಮ ಕಟ್ಟಡದ ಗೋಡೆಯ ಮೇಲೆ ಬರೆಸಿದ್ದ ಕಿಪ್ಲಿಂಗ್‌ನ ‘ಇಫ್’ ಕವಿತೆಯ ಮೇಲೆ ಬಣ್ಣ ಬಳಿದು ಮಾಯಾ ಏಂಜೆಲೊ ಕವಿತೆ ಬರೆದಾಗ ಇಲ್ಲಿಯೂ ಹಲವರು ಸಿಟ್ಟಾದರು. ‘ಇಫ್’ ನಮ್ಮ ಮನೆಗಳ ಗೋಡೆಯ ಮೇಲೂ ಚೌಕಟ್ಟಿನಲ್ಲಿ ತೂಗುತ್ತದಲ್ಲವೇ. ಕಿಪ್ಲಿಂಗ್‌ನನ್ನು ಗ್ರಂಥಾಲಯದಿಂದ ತೆಗೆಯಿರಿ ಎಂದು ಅವರು ಹೇಳಿರಲಿಲ್ಲ. ದಿನವೂ ಹಾದುಹೋಗುವ ಗೋಡೆಯ ಮೇಲೆ ಯಾರ ಮಾತಿರಬೇಕು ಎಂದು ಆರಿಸುವ ಹಕ್ಕು ಅಲ್ಲಿ ಓದುವವರದ್ದು. ಅದೇ ವರ್ಷ ಚಿಲಿಯಲ್ಲಿ ಸ್ಯಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ನೆರೂದಾ ಹೆಸರಿಡುವ ಪ್ರಸ್ತಾಪವನ್ನು ಸ್ತ್ರೀವಾದಿಗಳು ವಿರೋಧಿಸಿದರು. ಸಿಲೋನಿನಲ್ಲಿ ರಾಜತಾಂತ್ರಿಕನಾಗಿದ್ದಾಗ ತನ್ನ ಮನೆಯ ಮಲದ ಡಬ್ಬಿ ಹೊರುತ್ತಿದ್ದ ತಮಿಳು ಹೆಣ್ಣುಮಗಳ ಮೇಲೆ ಎಸಗಿದ ಬಲಾತ್ಕಾರವನ್ನು ನೆರೂದಾ ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾನೆ. ಇದು ರಾಜಕೀಯದ ಮಾತಲ್ಲ, ಅಪರಾಧ. ಪೌಂಡ್ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಹೋಗುವುದಿಲ್ಲ. ಅವನ ಪ್ರೇಮ ಕವಿತೆಗಳ ಸಾಲನ್ನು ಸ್ಟೇಟಸ್‌ಗೆ ಹಾಕುವ ನಮ್ಮ ಹುಡುಗರಿಗೆ ಆ ಪುಟವನ್ನೂ ತೋರಿಸಬೇಕು ಎನ್ನುವಷ್ಟಕ್ಕೆ ನಿಲ್ಲಿಸುತ್ತೇನೆ.

ಇನ್ನೊಂದು ಮಾತು ಉಳಿದಿದೆ, ನನಗೆ ಅತಿ ಮುಖ್ಯವಾದದ್ದು. ಕವಿ ಹೀಯಾಳಿಸಿದ ಜನರ ಮಗು ಅದೇ ಕೋಣೆಯಲ್ಲಿ ಕುಳಿತಿದ್ದರೆ? ಬ್ರೂಕ್ಲಿನ್ನಿನ ತರಗತಿಯಲ್ಲಿ ಅದು ಯಹೂದಿ ಮಗು. ನಮ್ಮ ತರಗತಿಗಳಲ್ಲಿ, ನಮ್ಮದೇ ಹಳೆಯ ಹೊಸ ಪುಸ್ತಕಗಳ ಮುಂದೆ, ಅದು ಯಾರೆಂದು ಪಾಠ ಮಾಡುವವರಿಗೆ ಗೊತ್ತಿದೆ. ಆ ಮಗುವಿನಿಂದ ದೊಡ್ಡ ಮನಸ್ಸನ್ನು ಕೇಳುವ ಅಧಿಕಾರ ನಮಗಿಲ್ಲ. ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್, ಯಹೂದಿ, 1967ರಲ್ಲಿ ವೆನಿಸ್ಸಿಗೆ ಹೋಗಿ ಮುದಿ ಪೌಂಡ್‌ನ ಎದುರು ಕುಳಿತ. ಆ ಮೂರ್ಖ, ಉಪನಗರದ ಯಹೂದಿ ದ್ವೇಷವೇ ತಾನು ಮಾಡಿದ ಅತಿ ಕೆಟ್ಟ ತಪ್ಪು ಎಂದು ಪೌಂಡ್ ಅವನ ಮುಂದೆ ಹೇಳಿದ. ‘ಉಪನಗರದ’ ಎಂಬ ಆ ಪದ ನನಗೆ ಇಂದಿಗೂ ಚುಚ್ಚುತ್ತದೆ. ಆಶ್‌ವಿಟ್ಸ್ ಆದ ಇಪ್ಪತ್ತೆರಡು ವರ್ಷಗಳ ಮೇಲೂ ಅವನ ಕಣ್ಣಿಗೆ ಅದು ಕೀಳು ಅಭಿರುಚಿಯಾಗಿ ಕಂಡಿತು. ಗಿನ್ಸ್‌ಬರ್ಗ್ ಅದನ್ನು ಒಪ್ಪಿಕೊಂಡು ಆಶೀರ್ವದಿಸಿದ. ಶಪೀರೊ ಪೌಂಡ್‌ಗೆ ಮತ ಕೊಡಲಿಲ್ಲ. ಎರಡೂ ಅವರವರ ಹಕ್ಕು. ಓದಲಾರೆ ಎನ್ನುವ ವಿದ್ಯಾರ್ಥಿಗೆ ಅಂಕ ಕಳೆಯದೆ ಬೇರೆ ಕವಿತೆ ಕೊಡುವಷ್ಟು ಜಾಗ ಪಠ್ಯದಲ್ಲಿ ಇರಬೇಕು, ಯಾಕೆ ಬೇಡ ಎಂದು ಅವನು ಕಾರಣ ಹೇಳಬೇಕಾದ ಒತ್ತಾಯವೂ ಇರಬಾರದು.

ಅಂದು ಆ ಹುಡುಗಿಗೆ ಕ್ಷಮೆ ಕೇಳಿದೆ. ನಂತರದ ಮೂರು ಶನಿವಾರ ಹನ್ನೊಂದು ಜನರೂ ಕೂಡಿ ಈ ಎಲ್ಲವನ್ನೂ ಓದಿದೆವು. ಒಬ್ಬ ಹುಡುಗ ಒಂದು ವಾರ ಬರಲಿಲ್ಲ, ಆಮೇಲೆ ಬಂದ. ನಾನು ಏನೂ ಕೇಳಲಿಲ್ಲ. ಹೆಂಡತಿಯ ಪತ್ರ ಅವಳ ಅಕ್ಕನ ಕಪಾಟಿನಲ್ಲಿಯೇ ಇದೆಯಂತೆ. ಬರೆದವನ ಕಥೆಯನ್ನೆಲ್ಲ ತಂಗಿ ಹೇಳಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹೆಂಗಸು ಏನು ತಪ್ಪು ಮಾಡಿದ್ದಾಳೆ?” ಎಂದಳಂತೆ.

ಈಗ ಹುಡುಗಿ ಮೇಜಿನ ಸಾಲುಗಳನ್ನು ಕನ್ನಡಕ್ಕೆ ತರುತ್ತಿದ್ದಾಳೆ. ನಾಲ್ಕು ಸಲ ತಿದ್ದಿದ್ದಾಳೆ. ಎಡ್ವರ್ಡ್ಸ್ ಆಡಿದ್ದು ಪುಸ್ತಕದ ಇಂಗ್ಲಿಷ್ ಅಲ್ಲ, ಅವನ ಜನರ ಇಂಗ್ಲಿಷ್. ಹಾಗಿದ್ದರೆ ಅವನು ಕನ್ನಡದಲ್ಲಿ ಯಾವ ಊರಿನ ಮಾತಾಡಬೇಕು, ಯಾರ ಮನೆಯ ಮಾತಾಡಬೇಕು ಎಂದು ಕಳೆದ ಶನಿವಾರ ಕತ್ತಲಾಗುವವರೆಗೂ ಚರ್ಚೆ ನಡೆಯಿತು. ಗ್ರಂಥಾಲಯದವರು ದೀಪ ಆರಿಸಲು ಬಂದಾಗಲೂ ತೀರ್ಮಾನವಾಗಿರಲಿಲ್ಲ. ಅವಳು ಆ ಸಾಲಿನ ಜಾಗವನ್ನು ಖಾಲಿ ಬಿಟ್ಟು, ಅವನ ಹೆಸರನ್ನು ಮಾತ್ರ ಬರೆದುಕೊಂಡು ಹೋಗಿದ್ದಾಳೆ.